ಜಲ್ಲಿ ಹಾಸಿದ ಹೂವಿನ ಪಾತಿಯಲ್ಲಿ ಗಿಡ ಸೊರಗಿದರೆ: ಕಾಸರಗೋಡಿನ ಮುರಕಲ್ಲು (ಕೆಂಪುಕಲ್ಲು) ನೆಲಕ್ಕೊಂದು ದೋಷ ನಿವಾರಣೆ ಕೈಪಿಡಿ

ತರಗೆಲೆ, ಸೊಪ್ಪು, ತೆಂಗಿನ ಸಿಪ್ಪೆಯ ಮುಚ್ಚಿಗೆ ಬಿಟ್ಟು ಹೂವಿನ ಪಾತಿಗೆ ಜಲ್ಲಿಯೋ ಉರುಟು ಕಲ್ಲೋ ಹಾಸಿದ ಮನೆಗಳು ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಈಗ ಬೇಕಾದಷ್ಟಿವೆ. ಅಂಗಳ ಚೊಕ್ಕಟವಾಗಿ ಕಾಣುತ್ತದೆ, ಜೋರು ಮಳೆಗೆ ಕೆಂಪು ಕೆಸರು ಗೋಡೆಗೆ ಹಾರುವುದಿಲ್ಲ, ಗೋಡೆಯ ಬುಡಕ್ಕೆ ಗೆದ್ದಲು ಕರೆಯುವಂಥ ಕಸ ಇರುವುದಿಲ್ಲ. ಕಲ್ಲು ಹಾಸಲು ಇವೆಲ್ಲ ಒಳ್ಳೆಯ ಕಾರಣಗಳೇ. ಆದರೆ ಒಂದೆರಡು ವರ್ಷ ಕಳೆಯುವಾಗ ಅಬ್ಬಲಿಗೆ (ಕನಕಾಂಬರ) ಬಾಡುತ್ತದೆ, ಕೇಪಳದ (ಇಕ್ಸೋರಾ) ಎಲೆ ಹಳದಿಗೆ ತಿರುಗುತ್ತದೆ, ಇಲ್ಲವೇ ದುಡ್ಡು ಕೊಟ್ಟು ತಂದ ಜಲ್ಲಿಯೇ ಕಾಣೆಯಾಗುತ್ತದೆ. ಆಗ ಎಲ್ಲರೂ ಮಾಡುವುದು ಎರಡೇ ಕೆಲಸ: ಇನ್ನಷ್ಟು ನೀರು, ಇನ್ನಷ್ಟು ಗೊಬ್ಬರ. ಎಷ್ಟೋ ಸಲ ಗಿಡ ಸಾಯುವುದು ಈ ಎರಡರಿಂದಲೇ.

ಹಾಗಾಗಿ ಒಂದು ಕ್ರಮ ಇಟ್ಟುಕೊಳ್ಳಿ: ಕಲ್ಲು ಸರಿಸಿ ಕೆಳಗಿನ ಮಣ್ಣನ್ನು ಕೈಯಲ್ಲಿ ಹಿಡಿದು ನೋಡುವವರೆಗೆ ಏನನ್ನೂ ಹಾಕಬಾರದು. ತರಗೆಲೆಯ ಮುಚ್ಚಿಗೆಯಾದರೆ ತೇವ ಎಷ್ಟಿದೆ ಎಂದು ಮೇಲಿಂದಲೇ ಅಂದಾಜಾಗುತ್ತದೆ. ಕಲ್ಲಿನದ್ದು ಹಾಗಲ್ಲ. ಮೇಲೆ ಬಿಸಿಲಿಗೆ ಒಣಗಿ ಬೆಳ್ಳಗಾಗಿರುವಾಗಲೇ ಎರಡು ಇಂಚು ಕೆಳಗೆ ಕೊಳೆತ ಕೆಸರು ಇರಬಹುದು. ಮಳೆ ನಿಂತ ಮೇಲೆ ಕಲ್ಲು ಒದ್ದೆಯಾಗಿ ಹೊಳೆಯುತ್ತಿದ್ದರೂ ಕೆಳಗೆ ಹುಡಿಮಣ್ಣು ಇರಬಹುದು.

ಮೊದಲು ತಿಂಗಳು ಕೇಳಿ

ಕಾಸರಗೋಡಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 3500 ಮಿ.ಮೀ. ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಹೋಗುತ್ತದೆ. ತುಲಾ ಮಾಸದ (ಅಕ್ಟೋಬರ್-ನವೆಂಬರ್) ಗುಡುಗು ಮಳೆ ಮುಗಿದ ಮೇಲೆ ಡಿಸೆಂಬರ್‌ನಿಂದ ಮೇ ತಿಂಗಳ ನಡುವಿನವರೆಗೆ ನೆಚ್ಚುವಂಥ ಮಳೆಯಿಲ್ಲ. ಒಂದೇ ಜಲ್ಲಿ ಆಟಿಯಲ್ಲಿ (ಜುಲೈ-ಆಗಸ್ಟ್) ಒಂದು ತೊಂದರೆ ಕೊಟ್ಟರೆ ಮಾರ್ಚಿನಲ್ಲಿ ಅದಕ್ಕೆ ತದ್ವಿರುದ್ಧದ ತೊಂದರೆ ಕೊಡುತ್ತದೆ. ಆದ್ದರಿಂದ ಗಿಡ ಯಾವ ತಿಂಗಳಲ್ಲಿ ಕೆಟ್ಟಿತು ಎನ್ನುವುದು ಮೊದಲನೆಯ ಪ್ರಶ್ನೆ.

ಜೂನ್‌ನಿಂದ ಅಕ್ಟೋಬರ್ ಒಳಗೆ ಬಾಡಿದ್ದರೆ ಬೇರು ಉಸಿರು ಕಟ್ಟಿ ಕೊಳೆತಿರುವ ಸಾಧ್ಯತೆಯೇ ಹೆಚ್ಚು. ಫೆಬ್ರವರಿಯಿಂದ ಮೇ ಒಳಗೆ ಎಲೆಯ ಅಂಚು ಸುಟ್ಟಿದ್ದರೆ ಕಾವು, ಇಲ್ಲವೇ ನೀರಿನ ಕೊರತೆ. ಕಾಲದ ಹಂಗಿಲ್ಲದೆ ನಿಧಾನವಾಗಿ ಹಳದಿಯಾಗುತ್ತ ಬಂದಿದ್ದರೆ ಅದು ಆಹಾರದ ವಿಷಯ, ಅಥವಾ ಕಲ್ಲಿನ ಜಾತಿಯ ವಿಷಯ. ಕಲ್ಲು ಹಾಸಿದ ತಿಂಗಳೊಳಗೇ ಗಿಡ ಸತ್ತಿದ್ದರೆ ಕಲ್ಲನ್ನು ಕಾಂಡಕ್ಕೆ ತಾಗಿಸಿ ರಾಶಿ ಹಾಕಿದ್ದೀರೋ, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿದ್ದೀರೋ ನೋಡಿ.

ಪರೀಕ್ಷೆಗೆ ಬೇಕಾಗುವುದು ಮನೆಯಲ್ಲೇ ಇರುವ ಸಾಮಾನು: ಸಣ್ಣ ಕೊಟ್ಟು (ಗುದ್ದಲಿ) ಅಥವಾ ಕರಣೆ, ಒಂದು ಬಕೆಟ್ ನೀರು, ಇಂಚು ಟೇಪು, ವಿನೆಗರ್, ಒಂದು ಗಾಜಿನ ಲೋಟ. ಮಣ್ಣಿನ ಪಿಎಚ್ (ಹುಳಿಯ ಅಳತೆ) ತಿಳಿಯಲು ಪಟ್ಟಿಗಳು ಸಿಗುತ್ತವೆ. ಸರಿಯಾದ ಲೆಕ್ಕ ಬೇಕಾದರೆ ಪಂಚಾಯತಿನ ಕೃಷಿ ಭವನದ ಮೂಲಕ ಮಣ್ಣು ಪರೀಕ್ಷೆಗೆ ಕೊಡಬಹುದು.

ಮಳೆಗಾಲದಲ್ಲಿ ಗಿಡ ಬಾಡುವುದು

ನೆಲ ಒದ್ದೆಯಿದ್ದೂ ಮಧ್ಯಾಹ್ನ ಎಲೆ ಜೋತುಬೀಳುತ್ತದೆ. ಮೊದಮೊದಲು ಸಂಜೆಗೆ ನೆಟ್ಟಗಾಗುತ್ತದೆ, ವಾರ ಕಳೆದರೆ ಅದೂ ಇಲ್ಲ. ಇದನ್ನು ಕಂಡು ನೀರು ಹಾಕಿದವರು ಗಿಡವನ್ನು ಅಲ್ಲಿಗೇ ಮುಗಿಸಿದಂತೆ.

ಬುಡದಿಂದ ಒಂದಡಿ ದೂರದಲ್ಲಿ ಕಲ್ಲು ಸರಿಸಿ ನಾಲ್ಕು ಇಂಚು ಅಗೆಯಿರಿ. ಒಂದೆರಡು ಸಣ್ಣ ಬೇರು ತೆಗೆದು ಬೆರಳುಗಳ ನಡುವೆ ಎಳೆದು ನೋಡಿ. ಬಿಳಿಯಾಗಿ ಗಟ್ಟಿಯಿದ್ದರೆ ಬೇರು ಜೀವಂತ. ಕಂದಾಗಿದ್ದು, ಎಳೆದಾಗ ಸಿಪ್ಪೆ ಜಾರಿ ಒಳಗಿನ ನೂಲು ಮಾತ್ರ ಕೈಯಲ್ಲಿ ಉಳಿದು, ಮಣ್ಣಿಗೆ ಹುಳಿ ವಾಸನೆ ಇದ್ದರೆ ಕೊಳೆ ಹಿಡಿದಿದೆ.

ಗೊಂಡೆಯ ಗಿಡವಾದರೆ ಇನ್ನೊಂದು ಪರೀಕ್ಷೆ ಬಿಡಬೇಡಿ. ಬುಡದ ಕಾಂಡವನ್ನು ಎರಡು ಇಂಚು ಉದ್ದಕ್ಕೆ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿಗೆ ತುದಿ ಮಾತ್ರ ಮುಳುಗುವಂತೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನಂಥ ಬಿಳಿ ನೂಲು ಇಳಿದರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ. ಅದಕ್ಕೆ ಜಲ್ಲಿ ಕಾರಣವಲ್ಲ, ಮದ್ದೂ ಇಲ್ಲ. ಗಿಡವನ್ನು ಬೇರುಸಹಿತ ಕಿತ್ತು ಸುಡಬೇಕು. ಆ ಪಾತಿಯಲ್ಲಿ ಮುಂದಿನ ಕೆಲವು ವರ್ಷ ಗೊಂಡೆ, ಬದನೆ, ಮೆಣಸು, ಟೊಮೆಟೊ ಬೇಡ. ಅಲ್ಲಿಯ ಮಣ್ಣು ತಾಗಿದ ಕೊಟ್ಟನ್ನು ತೊಳೆಯದೆ ಬೇರೆ ಪಾತಿಗೆ ಇಳಿಸಬೇಡಿ.

ಬ್ಯಾಕ್ಟೀರಿಯಾ ಅಲ್ಲವೆಂದಾದರೆ ನೀರು ಇಂಗುವ ವೇಗ ಅಳೆಯಬೇಕು. ಒಂದಡಿ ಅಗಲ, ಒಂದಡಿ ಆಳದ ಗುಂಡಿ ತೆಗೆದು ನೀರು ತುಂಬಿಸಿ. ಅದು ಇಂಗಿದ ಮೇಲೆ ಎರಡನೆಯ ಸಲ ತುಂಬಿಸಿ, ಗಂಟೆಗೆ ಎಷ್ಟು ಇಂಚು ಇಳಿಯುತ್ತದೆ ಎಂದು ಟೇಪಿನಲ್ಲಿ ನೋಡಿ. ಮೊದಲ ಸಲದ್ದು ಲೆಕ್ಕಕ್ಕಿಲ್ಲ, ಒಣಮಣ್ಣು ಬೇಗ ಹೀರಿಬಿಡುತ್ತದೆ. ಗಂಟೆಗೆ ಒಂದರಿಂದ ಮೂರು ಇಂಚು ಇಳಿದರೆ ತೊಂದರೆಯಿಲ್ಲ. ಅರ್ಧ ಇಂಚೂ ಇಳಿಯದಿದ್ದರೆ ಕಾರಣ ಕಲ್ಲಿನ ಹಾಸಿಗಿಂತ ಕೆಳಗಿದೆ.

ನಮ್ಮ ಕಡೆ ಆ ಕಾರಣ ಬಹುಪಾಲು ಒಂದೇ. ಗುಡ್ಡೆ ಜರಿದು ಸೈಟು ಮಟ್ಟ ಮಾಡುವಾಗ ಮೇಲಿನ ಮಣ್ಣು ಹೋಗಿ ಬರೀ ಮುರಕಲ್ಲಿನ ಹಾಸು ಉಳಿಯುತ್ತದೆ. ಗಾಳಿಬಿಸಿಲಿಗೆ ಬಿದ್ದ ಮುರಕಲ್ಲು ಇನ್ನೂ ಗಟ್ಟಿಯಾಗುತ್ತದೆ. ಅದರಲ್ಲೇ ಒಂದು ತೋಡಿನಂತೆ ಕೆತ್ತಿ, ಮುಕ್ಕಾಲಡಿ ಹೊರಗಿನ ಮಣ್ಣು ತುಂಬಿ, ಮೇಲೆ ಜಲ್ಲಿ ಹಾಸಿದರೆ ಅದು ಪಾತಿಯಾಗುವುದಿಲ್ಲ, ತೂತಿಲ್ಲದ ಮರಿಗೆಯಾಗುತ್ತದೆ. ತರಗೆಲೆಯ ಕಾಲದಲ್ಲೂ ಆ ಮರಿಗೆ ಅಲ್ಲಿ ಇತ್ತು. ಆದರೆ ಮಳೆಯ ನಡುವೆ ಎರಡು ದಿನ ಬಿಸಿಲು ಬಂದಾಗ ಮಣ್ಣಿನ ಮೇಲ್ಪದರ ಸ್ವಲ್ಪ ಆರುತ್ತಿತ್ತು, ಎರೆಹುಳ ಕೊರೆದ ದಾರಿಯಲ್ಲಿ ಗಾಳಿ ಆಡುತ್ತಿತ್ತು. ಜಲ್ಲಿ ಆವಿಯಾಗುವುದನ್ನು ತಡೆಯುತ್ತದೆ. ಬೇಸಗೆಯಲ್ಲಿ ಉಪಕಾರವಾದ ಗುಣವೇ ಇಲ್ಲಿ ಮುಳುವಾಗುತ್ತದೆ.

ಇದಕ್ಕೆ ಗುಂಡಿಯ ತಳಕ್ಕೆ ಜಲ್ಲಿ ತುಂಬುವುದು ಹಲವರು ಹೇಳುವ ಪರಿಹಾರ. ಅದು ಸರಿಯಲ್ಲ. ನಯವಾದ ಮಣ್ಣಿನಿಂದ ದೊಡ್ಡ ಕಲ್ಲಿನ ಸಂದಿಗೆ ನೀರು ತಾನಾಗಿ ಜಿಗಿಯುವುದಿಲ್ಲ, ಮಣ್ಣು ಪೂರ್ತಿ ನೆನೆದು ಭಾರವಾದ ಮೇಲೆಯೇ ಕೆಳಗಿಳಿಯುತ್ತದೆ. ತಳದಲ್ಲಿ ಕಲ್ಲು ತುಂಬಿದಷ್ಟೂ ಬೇರಿಗೆ ಉಳಿಯುವ ಮಣ್ಣು ಕಡಿಮೆಯಾಗಿ, ಒದ್ದೆಯ ಪದರ ಬೇರಿಗೆ ಹತ್ತಿರವಾಗುತ್ತದೆ.

ನೀರಿಗೆ ಹೊರದಾರಿ ಬೇಕು. ಪಾತಿಯ ತಗ್ಗಿನ ತುದಿಯಲ್ಲಿ ಪಿಕ್ಕಾಸಿನಿಂದ ಮುರಕಲ್ಲು ಒಡೆದು, ಪಾತಿಯ ತಳಕ್ಕಿಂತ ಎರಡು ಇಂಚು ಆಳವಾಗಿ, ಆರು ಇಂಚು ಅಗಲದ ಕಣಿ ತೆಗೆಯಿರಿ. ನಾಲ್ಕಡಿಗೆ ಒಂದಿಂಚಿನಂತೆ ಇಳಿಜಾರು ಇರಲಿ. ಅದಕ್ಕೆ ಒಂದೂವರೆ ಇಂಚಿನ ಜಲ್ಲಿ ತುಂಬಿ ಅಂಗಳದ ಚರಂಡಿಗೋ ಇಂಗುಗುಂಡಿಗೋ ಸೇರಿಸಿ. ಒಡೆಯಲು ಜಾಗವಿಲ್ಲದಿದ್ದರೆ ಪಾತಿಯನ್ನೇ ಮೇಲೆತ್ತಬೇಕು. ಕೆಂಪುಕಲ್ಲಿನ ಒಂದು ವರಸೆ ಕಟ್ಟಿ ಒಳಗೆ 9 ಇಂಚಿನಿಂದ ಒಂದಡಿ ಮಣ್ಣು ಏರಿಸಿ, ಕಲ್ಲುಗಳ ಸಂದಿಗೆ ಸಿಮೆಂಟು ಹಾಕದೆ ಬಿಡಿ. ನೀರು ಆ ಸಂದಿಯಿಂದಲೇ ಸೋರಿಹೋಗಲಿ.

ಅರ್ಧ ಬೇರು ಉಳಿದಿರುವ ಗಿಡಕ್ಕೆ ಇಷ್ಟು ಮಾಡಬಹುದು: ಬುಡದ ಸುತ್ತ ಒಂದೂವರೆ ಅಡಿ ಕಲ್ಲು ತೆಗೆದು ಮಣ್ಣು ಆರಲು ಬಿಡಿ. ಕೊಂಬೆಗಳನ್ನು ಮೂರನೆಯ ಒಂದು ಪಾಲು ಸವರಿ. ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಕಲಸಿ ಬುಡಕ್ಕೆ ಎರಡು ಲೀಟರ್ ಹೊಯ್ಯಿರಿ. ಟ್ರೈಕೋಡರ್ಮಾ (ಕೊಳೆ ತಡೆಯುವ ಉಪಕಾರಿ ಶಿಲೀಂಧ್ರ) ಬೆರೆಸಿದ ಹಟ್ಟಿಗೊಬ್ಬರ ಕೊಡುವುದಿದ್ದರೆ 15 ದಿನ ಬಿಟ್ಟು ಕೊಡಿ. ತಾಮ್ರದ ಮದ್ದಿನ ಬೆನ್ನಿಗೇ ಹಾಕಿದರೆ ಆ ಉಪಕಾರಿ ಶಿಲೀಂಧ್ರವೂ ಸಾಯುತ್ತದೆ.

ತೋಟವಿರುವ ಮನೆಗಳಿಗೆ ಒಂದು ಮಾತು. ಅಡಿಕೆಗೆ ಕೊಳೆರೋಗದ ಮದ್ದು ಬಿಟ್ಟಾದ ಮೇಲೆ ಡ್ರಮ್ಮಿನಲ್ಲಿ ಉಳಿದ ಬೋರ್ಡೋ ದ್ರಾವಣವನ್ನು ಹೂವಿನ ಪಾತಿಯ ಜಲ್ಲಿಗೆ ಸುರಿಯಬೇಡಿ. ನೂರು ಲೀಟರಿನಲ್ಲಿ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಇರುತ್ತದೆ. ಜಲ್ಲಿಯ ಸಂದಿಯಲ್ಲಿ ಅದು ಕೂತುಬಿಟ್ಟರೆ ಪ್ರತಿ ಮಳೆಗೂ ಸ್ವಲ್ಪಸ್ವಲ್ಪ ಬೇರಿಗೆ ಇಳಿಯುತ್ತದೆ. ಮಣ್ಣಿಗೆ ಸೇರಿದ ತಾಮ್ರ ಕರಗಿ ಹೋಗುವಂಥದ್ದಲ್ಲ.

ಎಲೆ ಹಳದಿಯಾಗುವುದು

ಯಾವ ಎಲೆ, ಹೇಗೆ ಹಳದಿಯಾಗಿದೆ ಎಂದು ನೋಡದೆ ಗೊಬ್ಬರ ತರಬೇಡಿ. ಮೂರು ಬಗೆಯ ಹಳದಿಗೆ ಮೂರು ಕಾರಣಗಳಿವೆ.

ಕೆಳಗಿನ ಹಳೆಯ ಎಲೆ ನರಸಹಿತ ಪೂರ್ತಿ ಪೇಲವವಾಗಿ ಉದುರುತ್ತಿದ್ದು, ಹೊಸ ಎಲೆ ಚಿಕ್ಕದಾಗಿ ತೆಳು ಹಸಿರಾಗಿದ್ದರೆ ಸಾರಜನಕ ಸಾಲದು. ಜಲ್ಲಿ ಹಾಸಿದ ಪಾತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ಇದು. ಸೊಪ್ಪು, ತರಗೆಲೆ ಕೊಳೆತು ವರ್ಷವಿಡೀ ಗಿಡಕ್ಕೆ ಉಣಿಸುತ್ತಿತ್ತು. ಕಲ್ಲು ಏನನ್ನೂ ಉಣಿಸುವುದಿಲ್ಲ. ಅದರ ಮೇಲೆ ಇಲ್ಲಿಯ ಮಳೆ ಇದ್ದುದನ್ನೂ ತೊಳೆದೊಯ್ಯುತ್ತದೆ. ಹಾಸಿದ ಮೊದಲ ವರ್ಷ ಮಣ್ಣಿನಲ್ಲಿದ್ದ ಹಳೆಯ ಗೊಬ್ಬರದಿಂದ ಗಿಡ ಚೆನ್ನಾಗಿಯೇ ಇರುತ್ತದೆ, ಎರಡನೆಯ ಮಳೆಗಾಲದ ನಂತರ ಹಸಿವು ಕಾಣತೊಡಗುತ್ತದೆ.

ಹಳೆಯ ಎಲೆಯ ಅಂಚು ಹಳದಿಯಾಗಿ, ತೊಟ್ಟಿನ ಕಡೆ ತಲೆಕೆಳಗಾದ ವಿ ಆಕಾರದಲ್ಲಿ ಹಸಿರು ಉಳಿದಿದ್ದರೆ ಮೆಗ್ನೀಸಿಯಂ ಕೊರತೆ. ಮುರಕಲ್ಲಿನ ಹುಳಿ ಮಣ್ಣಿನಲ್ಲಿ ಇದು ಕಲ್ಲು ಹಾಸದಿದ್ದರೂ ಬರುತ್ತದೆ. ಮೆಗ್ನೀಸಿಯಂ ಸಲ್ಫೇಟ್ ಲೀಟರಿಗೆ 5 ಗ್ರಾಂ ಕರಗಿಸಿ ಎರಡು ವಾರದ ಅಂತರದಲ್ಲಿ ಎರಡು ಸಲ ಎಲೆಗೆ ಸಿಂಪಡಿಸಿ.

ಮೂರನೆಯದು ತುದಿಯ ಹೊಸ ಎಲೆಯಲ್ಲಿ ಕಾಣುತ್ತದೆ. ನರಗಳು ಹಸಿರು, ನಡುವಿನ ಜಾಗವೆಲ್ಲ ಹಳದಿ, ಹೆಚ್ಚಾದರೆ ಬಿಳಿ. ಇದು ಕಬ್ಬಿಣ ಸಿಗದ ಲಕ್ಷಣ. ಕೇಪಳ, ದಾಸವಾಳ, ಗುಲಾಬಿಯಲ್ಲಿ ಬೇಗ ಗೊತ್ತಾಗುತ್ತದೆ. ಸುಣ್ಣ ಸೇರಿ ಮಣ್ಣಿನ ಹುಳಿ ಕಳೆದರೆ ಗಿಡಕ್ಕೆ ಕಬ್ಬಿಣ ಸಿಗದು, ಆದ್ದರಿಂದ ಇಲ್ಲಿ ಕಲ್ಲಿನ ಜಾತಿ ನೋಡಬೇಕು. ಒಂದು ಕಲ್ಲನ್ನು ತೊಳೆದು ಒರಸಿ, ಮೇಲ್ಮೈಯನ್ನು ಆಣಿಯಿಂದ ಗೀರಿ, ಬಂದ ಹುಡಿಯ ಮೇಲೆ ವಿನೆಗರ್ ಹನಿಸಿ. ನೊರೆಯಂತೆ ಗುಳ್ಳೆ ಎದ್ದರೆ ಅದು ಮಾರ್ಬಲ್ ಅಥವಾ ಸುಣ್ಣಕಲ್ಲಿನ ಚೂರು. ಬಿಳಿ ಕಲ್ಲೆಲ್ಲ ಮಾರ್ಬಲ್ ಅಲ್ಲ. ಬಿಳಿ ಬೆಣಚುಕಲ್ಲಿಗೆ ಗುಳ್ಳೆ ಏಳುವುದಿಲ್ಲ, ಅದರಿಂದ ಮಣ್ಣಿಗೆ ತೊಂದರೆಯೂ ಇಲ್ಲ. ಕೋರೆಯ ಕರಿಕಲ್ಲಿನ ಜಲ್ಲಿಯದ್ದೂ ಹಾಗೆಯೇ. ಕಡಲ ಚಿಪ್ಪಿನ ಚೂರು ಮಾತ್ರ ಶುದ್ಧ ಸುಣ್ಣ.

ಆದರೆ ಮಾರ್ಬಲ್ ಸಿಕ್ಕಿತೆಂದು ಎಲ್ಲ ತಪ್ಪನ್ನೂ ಅದರ ತಲೆಗೆ ಕಟ್ಟಬೇಡಿ. ನಮ್ಮ ಮಣ್ಣು ಹುಟ್ಟಾ ಹುಳಿ, ಪಿಎಚ್ 5ರ ಆಸುಪಾಸು. ಮಾರ್ಬಲ್ ಚೂರು ಕರಗಿ ಅದನ್ನು 7ರ ಮೇಲೆ ಏರಿಸಲು ವರ್ಷಗಳೇ ಬೇಕು. ಹಾಸಿದ ವರ್ಷದೊಳಗೇ ಕೇಪಳ ಹಳದಿಯಾಗಿದ್ದರೆ ಗೋಡೆಯ ಬುಡ ಅಗೆದು ನೋಡಿ. ಮನೆ ಕಟ್ಟುವಾಗ ಬಿದ್ದ ಸಿಮೆಂಟು ಗಾರೆ, ಸಾರಣೆಯ ಪುಡಿ, ತೊಳೆದ ಕಾಂಕ್ರೀಟಿನ ಮಡ್ಡಿ ಅಲ್ಲೇ ಹೂತುಕೊಂಡಿರುತ್ತದೆ. ಪಾತಿಯಲ್ಲಿ ಗೋಡೆಯ ಪಕ್ಕದ ಗಿಡ ಹಳದಿ, ಎರಡಡಿ ಈಚೆಗಿನ ಗಿಡ ಹಸಿರು ಎಂದಾದರೆ ಬೇರೆ ಸಾಕ್ಷಿ ಬೇಡ. ಗೋಡೆಯಿಂದ ಒಂದಡಿ ಅಗಲ, ಒಂದಡಿ ಆಳ ಮಣ್ಣು ತೆಗೆದು ಹೊಸ ಮಣ್ಣು ತುಂಬುವುದೇ ದಾರಿ.

ತಾತ್ಕಾಲಿಕ ಉಪಶಮನಕ್ಕೆ ಫೆರಸ್ ಸಲ್ಫೇಟ್ 5 ಗ್ರಾಂ, ಸಿಟ್ರಿಕ್ ಆಮ್ಲ 1 ಗ್ರಾಂ ಒಂದು ಲೀಟರ್ ನೀರಿಗೆ ಸೇರಿಸಿ, ಕದಡಿದ ಕೂಡಲೇ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಹತ್ತು ದಿನಕ್ಕೊಮ್ಮೆ ಮೂರು ಸಲ ಸಾಕು. ಬಿಳಿ ಕಲ್ಲಿಗೂ ಜಗಲಿಯ ಟೈಲ್ಸಿಗೂ ಈ ನೀರು ಬಿದ್ದರೆ ತುಕ್ಕಿನ ಕಲೆ ಹೋಗದು, ಮೊದಲೇ ಹಳೆಯ ಚೀಲ ಮುಚ್ಚಿಡಿ.

ಹಸಿದ ಪಾತಿಗೆ ಗೊಬ್ಬರ ಕೊಡುವ ರೀತಿ ಬೇರೆ. ಜಲ್ಲಿಯ ಮೇಲೆಯೇ ಹಟ್ಟಿಗೊಬ್ಬರ ಎರಚಿದರೆ ಅದು ಸಂದಿಯಲ್ಲಿ ಒಣಗಿ ಕಳೆಯ ಬೀಜಕ್ಕೆ ಹಾಸಿಗೆಯಾಗುತ್ತದೆ, ಬೇರಿಗೆ ತಲಪುವುದಿಲ್ಲ. ಕೊಂಬೆಯ ತುದಿಯ ನೇರಕ್ಕೆ ಸುತ್ತಲೂ ಆರು ಇಂಚು ಅಗಲಕ್ಕೆ ಕಲ್ಲು ಸರಿಸಿ, ಕಲ್ಲಿನಡಿಗೆ ನೀರಿಳಿಯುವ ಬಟ್ಟೆ ಹಾಸಿದ್ದರೆ ಅದನ್ನು ಮಗುಚಿ, ಮಣ್ಣು ಎರಡು ಇಂಚು ಸಡಿಲಿಸಿ. ಆಳೆತ್ತರದ ದಾಸವಾಳಕ್ಕೆ ಮೂರು ಕಿಲೋ ಹಣ್ಣಾದ ಹಟ್ಟಿಗೊಬ್ಬರ, ಕಾಲು ಕಿಲೋ ಬೇವಿನ ಹಿಂಡಿ ಹಾಕಿ ಮಣ್ಣು ಮುಚ್ಚಿ ಕಲ್ಲು ಎಳೆಯಿರಿ. ಪತ್ತನಾಜೆಯ (ಮೇ ಕೊನೆಯ ವಾರ) ಹೊತ್ತಿಗೆ ಒಂದು ಸಲ, ಮಳೆಯ ಜೋರು ತಗ್ಗಿದ ಸೆಪ್ಟೆಂಬರಿನಲ್ಲಿ ಇನ್ನೊಂದು ಸಲ. ಜುಲೈಯಲ್ಲಿ ಕೊಟ್ಟದ್ದು ಹೆಚ್ಚಿನದೂ ತೋಡಿಗೆ ಹೋಗುತ್ತದೆ. ಕಲ್ಲು ಸರಿಸುವ ಕೆಲಸ ಆಗದವರು ಒಂದು ಕಿಲೋ ನೆಲಗಡಲೆ ಹಿಂಡಿಯನ್ನು ಹತ್ತು ಲೀಟರಿನಲ್ಲಿ ಐದಾರು ದಿನ ಕೊಳೆಯಲಿಟ್ಟು, ತಿಳಿಯನ್ನು ಹತ್ತು ಪಾಲು ನೀರಿಗೆ ಬೆರೆಸಿ ಗಿಡಕ್ಕೊಂದು ಲೀಟರಿನಂತೆ ಹದಿನೈದು ದಿನಕ್ಕೊಮ್ಮೆ ಹೊಯ್ಯಬಹುದು. ಬೆನ್ನಿಗೇ ಅಷ್ಟೇ ಬರೀ ನೀರು ಹೊಯ್ದು ಕಲ್ಲು ತೊಳೆಯಿರಿ, ಇಲ್ಲವಾದರೆ ಪಾಚಿ, ನೊಣ ಎರಡೂ ಬರುತ್ತವೆ.

ಬೇಸಗೆಯ ಸುಡುವಿಕೆ

ಮಾರ್ಚಿನ ಮಧ್ಯಾಹ್ನ ಪಶ್ಚಿಮದ ಬಿಸಿಲಿಗೆ ಬಿದ್ದ ಜಲ್ಲಿಯ ಮೇಲೆ ಬರಿಗಾಲು ಊರಲಾಗುವುದಿಲ್ಲ. ಸೂರ್ಯ ಮುಳುಗಿದ ಮೇಲೂ ಆ ಕಾವು ಆರಲು ಹೊತ್ತು ಹಿಡಿಯುತ್ತದೆ. ಎಲೆಯಂಚು ಕಂದಾಗಿ ಗರಿಗರಿಯಾಗುವುದು, ಮೊಗ್ಗು ಅರಳದೆ ಉದುರುವುದು, ಕಾಂಡದ ಬುಡದಲ್ಲಿ ಬಿಸಿಲಿನ ಬದಿಗೆ ಮಾತ್ರ ತೊಗಟೆ ಒಣಗಿ ಬಿರಿಯುವುದು ಇದರ ಗುರುತು.

ಮಧ್ಯಾಹ್ನ ಎರಡು ಗಂಟೆಗೆ ಕಲ್ಲು ಸರಿಸಿ ಬೆರಳನ್ನು ಮಣ್ಣಿಗೆ ಎರಡು ಗೆಣ್ಣಿನಷ್ಟು ಇಳಿಸಿ. ಮಣ್ಣು ತೇವವಾಗಿದ್ದು ಬಿಸಿಯಾಗಿದ್ದರೆ ಕಾವಿನ ತೊಂದರೆ, ನೀರು ಹೆಚ್ಚಿಸಿ ಫಲವಿಲ್ಲ. ಒಣಗಿದ್ದರೆ ನೀರು ಕೆಳಗೆ ಇಳಿಯುತ್ತಿಲ್ಲ. ಪೈಪಿನಿಂದ ಮೇಲೆ ಹಾರಿಸಿದ ಸ್ವಲ್ಪ ನೀರು ಕಾದ ಕಲ್ಲನ್ನು ಒದ್ದೆ ಮಾಡುವುದರಲ್ಲೇ ಮುಗಿಯುತ್ತದೆ. ದಿನಾ ಚಿಮುಕಿಸುವ ಬದಲು ಎರಡು ಮೂರು ದಿನಕ್ಕೊಮ್ಮೆ, ಬೆಳಗ್ಗೆ ಎಂಟರ ಒಳಗೆ, ಚದರಡಿಗೆ ಎರಡು ಲೀಟರಿನಂತೆ ಬುಡಕ್ಕೆ ನಿಧಾನವಾಗಿ ಬಿಡಿ. ಬಿಸಿಲಿಗೆ ಬಿದ್ದಿದ್ದ ಪೈಪಿನ ಮೊದಲ ನೀರು ಸುಡುವಷ್ಟು ಬಿಸಿಯಿರುತ್ತದೆ, ಅದನ್ನು ಚರಂಡಿಗೆ ಬಿಟ್ಟು ತಣ್ಣಗಾದ ಮೇಲೆ ಗಿಡಕ್ಕೆ ಹಿಡಿಯಿರಿ.

ಬಿಳಿ ಕಲ್ಲಿನ ಹಾಸಿನಲ್ಲಿ ಎಲೆಯ ಅಡಿಭಾಗ ನೋಡುವುದನ್ನು ಮರೆಯಬಾರದು. ಸಣ್ಣ ಚುಕ್ಕೆಗಳಂತೆ ಬಣ್ಣ ಕಳೆದು, ತೆಳು ಬಲೆ ಕಂಡರೆ ಅದು ಕೆಂಪು ನುಸಿ. ಒಣ ಕಾವು ಮತ್ತು ಧೂಳು ಅದಕ್ಕೆ ಬಹಳ ಇಷ್ಟ. ಎಲೆಯ ಕೆಳಬದಿಗೆ ರಭಸದ ನೀರು ಮೂರು ದಿನಕ್ಕೊಮ್ಮೆ ಹಾಯಿಸಿದರೆ ಬಹುಮಟ್ಟಿಗೆ ಹಿಡಿತಕ್ಕೆ ಬರುತ್ತದೆ.

ಕಾವಿಗೆ ಶಾಶ್ವತ ಪರಿಹಾರವಾಗಿ ಕಾಂಡದ ಸುತ್ತ ಮೂರು ನಾಲ್ಕು ಇಂಚು ಕಲ್ಲಿಲ್ಲದೆ ಬಿಡಬೇಕು. ಪಶ್ಚಿಮದ ಬದಿಗೆ ಎತ್ತರದ ಗಿಡ ನೆಟ್ಟು ನೆರಳು ಮಾಡಬೇಕು. ಫೆಬ್ರವರಿಯಿಂದ ಮೇವರೆಗೆ ಆ ಖಾಲಿ ಬಿಟ್ಟ ಸುತ್ತಿಗೆ ಒಂದು ಹಿಡಿ ತರಗೆಲೆ, ಇಲ್ಲವೇ ತೆಂಗಿನ ಸಿಪ್ಪೆಯನ್ನು ಬೆನ್ನು ಮೇಲಾಗಿ ಕವುಚಿಟ್ಟು, ಮಳೆ ಹಿಡಿಯುವ ಮೊದಲು ತೆಗೆದುಬಿಡಿ. ಕಲ್ಲು ಹಾಸಿದ ಪಾತಿಗೆ ಸೊಪ್ಪು ಹಾಕಲೇಬಾರದು ಎಂಬ ನಿಯಮವೇನೂ ಇಲ್ಲ.

ಕಳೆ

ಒಂದು ಕಳೆಯನ್ನು ಮೆಲ್ಲಗೆ ಕಿತ್ತು ಬೇರು ಎಲ್ಲಿತ್ತು ನೋಡಿ. ಬೇರು ಕಲ್ಲಿನ ಪದರದಲ್ಲೇ ಇದ್ದು ಸಲೀಸಾಗಿ ಬಂದರೆ ಅದು ಮೇಲಿಂದ ಬಿದ್ದ ಬೀಜ. ಗಾಳಿಯ ಧೂಳು, ಉದುರಿದ ಎಲೆ ಕೊಳೆತು ಸಂದಿಯಲ್ಲಿ ಮಣ್ಣಾಗಿದೆ. ಹೊಸ ಬಟ್ಟೆ ಹಾಸಿ ಇದು ನಿಲ್ಲದು. ವಾರಕ್ಕೊಮ್ಮೆ ಎಲೆ ಗುಡಿಸುವುದು, ಎರಡು ವರ್ಷಕ್ಕೊಮ್ಮೆ ಕಲ್ಲು ಎತ್ತಿ ತೊಳೆಯುವುದು, ಇಷ್ಟೇ ಪರಿಹಾರ. ಮೇಲೆ ಹಲಸೋ ಮಾವೋ ಇರುವ ಜಾಗಕ್ಕೆ ಜಲ್ಲಿ ಹಾಸಲೇಬೇಡಿ.

ಕಿತ್ತಾಗ ದಾರದಂಥ ಬೇರು ತುಂಡಾಗಿ ಕೆಳಗೆ ಗೆಡ್ಡೆ ಉಳಿದರೆ ಅದು ಕೊನ್ನಾರಿ. ಅದರ ಚೂಪಾದ ಮೊಳಕೆ ಪ್ಲಾಸ್ಟಿಕ್ ಹಾಳೆಯನ್ನೂ ತೂತು ಮಾಡಿ ಬರುತ್ತದೆ, ತೆಳು ಬಟ್ಟೆ ಅದಕ್ಕೆ ಯಾವ ಲೆಕ್ಕ? ಬೇಸಗೆಯಲ್ಲಿ ಕಲ್ಲು ತೆಗೆದು, ಒಂದಡಿ ಆಳ ಅಗೆದು, ಗೆಡ್ಡೆ ಆಯ್ದು ಬಿಸಿಲಿಗೆ ಒಣಗಿಸಿ ಸುಡಬೇಕು. ಮೊದಲ ಮಳೆಗೆ ಮತ್ತೆ ಚಿಗುರಿದ್ದನ್ನು ಇನ್ನೊಮ್ಮೆ ತೆಗೆದ ಮೇಲೆಯೇ ಕಲ್ಲು ಹಾಸಿ.

ಕಳೆನಾಶಕ ಹೊಡೆದು ಮುಗಿಸೋಣ ಎನ್ನುವವರಿದ್ದಾರೆ. ಎಂಡೋಸಲ್ಫಾನ್ ಕೀಟನಾಶಕ ಇಲ್ಲಿಯ ಗೇರುತೋಪುಗಳ ಸುತ್ತಲಿನ ಮನೆಗಳಿಗೆ ಏನು ಮಾಡಿತು, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸುವವರೆಗೆ ಎಷ್ಟು ಹೋರಾಟ ಬೇಕಾಯಿತು ಎಂದು ನಾವು ಮರೆಯಬಾರದು. ಈ ಮದ್ದು ಬೇರೆ, ಆ ಮದ್ದು ಬೇರೆ ಎನ್ನುವುದು ನಿಜ. ಆದರೂ ಮಕ್ಕಳು ಆಡುವ ಅಂಗಳದಲ್ಲಿ, ಬಾವಿಯಿಂದ ಕೆಲವೇ ಅಡಿ ದೂರದಲ್ಲಿ, ನೀರು ಸಲೀಸಾಗಿ ಇಳಿಯುವ ಕಲ್ಲಿನ ಹಾಸಿಗೆ ವಿಷ ಬೇಡ. ಗಿಡದ ಬೇರಿಲ್ಲದ ಕಾಲುದಾರಿಯಾದರೆ ಕುದಿಯುವ ನೀರು ಸುರಿದು ಎಳೆಯ ಕಳೆ ಸಾಯಿಸಬಹುದು.

ಜಲ್ಲಿ ಕಾಣೆಯಾಗುವುದು

ಇದಕ್ಕೆ ಎರಡು ಬಗೆ. ಅಗೆದಾಗ ಕಲ್ಲು ಮಣ್ಣಿನೊಳಗೆ ಕಲಸಿಕೊಂಡು ಸಿಕ್ಕಿದರೆ ಅದು ಹೂತುಹೋದದ್ದು: ಬೆರಕೆಯಾಗದಂತೆ ನಡುವೆ ಬಟ್ಟೆ ಇಲ್ಲ, ಅಥವಾ ಪಾತಿಯ ಮೇಲ್ಬದಿಯ ಕೆಂಪುಮಣ್ಣು ಮಳೆಗೆ ಹರಿದುಬಂದು ಮುಚ್ಚಿದೆ. ಅಗೆದಾಗಲೂ ಸಿಗದೆ ಚರಂಡಿಯ ಬಾಯಲ್ಲಿ ಸಿಕ್ಕಿದರೆ ಕೊಚ್ಚಿಹೋದದ್ದು.

ಕೊಚ್ಚಿಹೋಗುವುದು ಮಾಡಿನ (ಛಾವಣಿಯ) ನೀರು ಬೀಳುವ ಸಾಲಿನಲ್ಲಿ ಹೆಚ್ಚು. ಸಾವಿರ ಚದರಡಿ ಮಾಡಿನ ಮೇಲೆ 100 ಮಿ.ಮೀ. ಮಳೆ ಬಂದ ದಿನ ಒಂಬತ್ತು ಸಾವಿರ ಲೀಟರಿಗಿಂತ ಹೆಚ್ಚು ನೀರು ಕೆಳಗಿಳಿಯುತ್ತದೆ. ದಂಬೆ (ಮಾಡಿನಂಚಿನಲ್ಲಿ ನೀರು ಹಿಡಿಯುವ ದೋಣಿ) ಇಲ್ಲದ ಮನೆಯಲ್ಲಿ ಕಾಲಿಂಚಿನ ಜಲ್ಲಿ ಅದರ ಮುಂದೆ ನಿಲ್ಲಲಾರದು. ಹನಿ ಬೀಳುವ ನೇರಕ್ಕೆ ಒಂದೂವರೆ ಅಡಿ ಅಗಲಕ್ಕೆ ಒಂದೂವರೆ ಇಂಚಿನ ದಪ್ಪ ಜಲ್ಲಿ ನಾಲ್ಕು ಇಂಚು ಹಾಸಿ, ಗಿಡ ಅಲ್ಲಿಂದ ಆಚೆ ನೆಡಿ. ಪಾತಿಯ ಅಂಚಿನ ಕಲ್ಲು ಜಲ್ಲಿಯ ಮಟ್ಟಕ್ಕಿಂತ ಎರಡು ಇಂಚಾದರೂ ಎದ್ದಿರಲಿ. ಹೊಳೆಯ ಉರುಟು ಕಲ್ಲು ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ, ಇಳಿಜಾರಿಗೆ ಮೊನೆಯಿರುವ ಕೋರೆ ಜಲ್ಲಿಯೇ ಸರಿ.

ಅಗ್ಗವೆಂದು ಮುರಕಲ್ಲಿನ ಮೆದು ಚೂರು ಹಾಸಿದ್ದರೆ ಅದು ಎಲ್ಲಿಗೂ ಹೋಗಿರುವುದಿಲ್ಲ, ಅಲ್ಲೇ ಕರಗಿ ಕೆಸರಾಗಿರುತ್ತದೆ. ಕೋರೆ ಹುಡಿ ಬೆರೆತ ಜಲ್ಲಿಯದ್ದು ಇದರ ಇನ್ನೊಂದು ಮುಖ: ಮೊದಲ ಮಳೆಗೆ ಹುಡಿ ಕೆಳಗಿಳಿದು ಗಾರೆಯಂತೆ ಕಟ್ಟಿಕೊಳ್ಳುತ್ತದೆ, ಆಮೇಲೆ ನೀರು ಇಳಿಯದು.

ಬಟ್ಟೆ ಹಾಸಿಯೂ ನೀರು ಮೇಲೆ ನಿಲ್ಲುವುದಿದೆ. ಒಂದು ಚೊಂಬು ನೀರು ಬಟ್ಟೆಯ ಮೇಲೆಯೇ ಹೊಯ್ದು ನೋಡಿ. ಕೂಡಲೇ ಇಳಿಯದಿದ್ದರೆ ಕೆಂಪುಮಣ್ಣಿನ ನಯ ಹುಡಿ ಅದರ ರಂಧ್ರ ಮುಚ್ಚಿದೆ. ತೆಗೆದು ಎರಡೂ ಬದಿ ತೊಳೆದು ಹಾಕಿ. ಸಿಮೆಂಟು ಚೀಲ, ಗೊಬ್ಬರದ ಚೀಲ, ಟಾರ್ಪಾಲಿನ್ ಹಾಸಿದ್ದರೆ ತೊಳೆದೂ ಪ್ರಯೋಜನವಿಲ್ಲ, ಕಿತ್ತೆಸೆಯಿರಿ.

ಪಾಚಿ, ಇರುವೆ, ಬಸವನಹುಳು

ಆಟಿಯಲ್ಲಿ ಕಲ್ಲು ಹಸಿರಾಗುವುದು ಗಿಡಕ್ಕೆ ರೋಗವಲ್ಲ. ನಡೆಯುವ ಜಾಗವಾದರೆ ಜಾರುತ್ತದೆ, ಗಟ್ಟಿ ಪೊರಕೆಯಲ್ಲಿ ಉಜ್ಜಿ. ಬ್ಲೀಚಿಂಗ್ ಪೌಡರ್ ಪಾತಿಗೆ ಬೇಡ. ಒಣ ಜಲ್ಲಿಯ ಅಡಿಯಲ್ಲಿ ಇರುವೆ ಗೂಡು ಮಾಡಿದ್ದರೆ ದಾಸವಾಳದ ಕುಡಿಯಲ್ಲಿ ಬಿಳಿ ಹಿಟ್ಟು ತಿಗಣೆ ಇದೆಯೋ ನೋಡಿ. ಇರುವೆ ಅದನ್ನು ಸಾಕುತ್ತದೆ, ಎರಡಕ್ಕೂ ಒಟ್ಟಿಗೇ ಮದ್ದು ಮಾಡಬೇಕು. ಆಫ್ರಿಕನ್ ಬಸವನಹುಳುವಿಗೆ ಕಲ್ಲಿಗಿಂತ ತರಗೆಲೆಯ ಅಡಿಯೇ ಹಿತ. ಕಲ್ಲಿನ ಪಾತಿಗೆ ಬಂದರೆ ರಾತ್ರಿ ಟಾರ್ಚು ಹಿಡಿದು, ಕೈಗೆ ಗ್ಲೌಸು ಹಾಕಿ ಆಯ್ದು ಬಕೆಟಿನ ಉಪ್ಪುನೀರಿಗೆ ಹಾಕಿ. ಪಾತಿಯ ಮೇಲೆಯೇ ಉಪ್ಪು ಎರಚಿದರೆ ಗಿಡವೂ ಹೋಗುತ್ತದೆ.

ಕಿತ್ತು ಮತ್ತೆ ಹಾಸುವಾಗ

ತೊಂದರೆ ಎರಡಕ್ಕಿಂತ ಹೆಚ್ಚಿದ್ದರೆ ತೇಪೆ ಹಚ್ಚದೆ ಪೂರ್ತಿ ಎತ್ತಿ ಹಾಸುವುದು ಒಳ್ಳೆಯದು. ಏಪ್ರಿಲ್ ಕೊನೆ, ಮೇ ಮೊದಲ ವಾರ ಇದಕ್ಕೆ ತಕ್ಕ ಕಾಲ.

ಕಲ್ಲನ್ನು ಕಾಲಿಂಚಿನ ಕಣ್ಣಿನ ಜರಡಿಯಲ್ಲಿ ಜಾಲಿಸಿ, ಬುಟ್ಟಿಯಲ್ಲಿ ನೀರು ತಿಳಿಯಾಗುವವರೆಗೆ ತೊಳೆಯಿರಿ. ಹೊಸ ಜಲ್ಲಿಗೂ ಇದೇ ಉಪಚಾರ. ಪಾತಿಯ ಮಣ್ಣು ಅರ್ಧ ಅಡಿ ಸಡಿಲಿಸಿ, ಚದರಡಿಗೆ ಅರ್ಧ ಕಿಲೋ ಹಟ್ಟಿಗೊಬ್ಬರ ಬೆರೆಸಿ, ಮನೆಯಿಂದ ಆಚೆಗೆ ಅಡಿಗೆ ಕಾಲಿಂಚು ಇಳಿಜಾರಾಗುವಂತೆ ಮಟ್ಟ ಮಾಡಿ. ಎರಡು ದಿನ ನೀರು ಹಾಕಿ ಮಣ್ಣು ಕೂರಲು ಬಿಡಿ.

ವರ್ಷಾನುಗಟ್ಟಲೆ ಅಲ್ಲೇ ಇರುವ ಗಿಡಗಳಾದರೆ ನೇಯ್ಗೆಯಿಲ್ಲದ, ನೀರು ಬಿಡುವ 120ರಿಂದ 150 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ ಲೆಕ್ಕದ ತೂಕ) ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ಜೋಡಿಸುವಲ್ಲಿ ಆರು ಇಂಚು ಒಂದರ ಮೇಲೊಂದು ಬರಲಿ, ಎರಡಡಿಗೊಂದರಂತೆ ಯು ಆಕಾರದ ತಂತಿ ಚುಚ್ಚಿ. ಗಿಡಕ್ಕೆ ದುಂಡಗೆ ಬಿಗಿಯಾಗಿ ಕತ್ತರಿಸಬೇಡಿ, ಗುಣಿಸು ಚಿಹ್ನೆಯಂತೆ ಸೀಳಿ ಮಡಚಿ. ಕಾಂಡ ದಪ್ಪವಾದ ಹಾಗೆ ಸೀಳು ಹಿಗ್ಗಿಸಬಹುದು. ಗೊಂಡೆ, ಜೀನಿಯಾದಂತೆ ಆಗಾಗ ಬದಲಿಸುವ ಹೂವಿಗೆ ಬಟ್ಟೆ ಬೇಡ. ಅಂಥ ಪಾತಿಗೆ ಕಲ್ಲೂ ಬೇಡ ಎಂಬುದು ನಮ್ಮ ಅಭಿಪ್ರಾಯ, ಪ್ರತಿಸಲ ಅಗೆಯುವಾಗ ಕಲ್ಲೂ ಮಣ್ಣೂ ಬೆರೆಯದೆ ಇರದು.

ಕಲ್ಲಿನ ಅಳತೆ ಅರ್ಧ ಇಂಚಿನಿಂದ ಮುಕ್ಕಾಲು ಇಂಚು, ದಪ್ಪ ಎರಡು ಇಂಚು. ಒಂದು ಇಂಚು ಹಾಸಿದರೆ ಬೆಳಕು ಇಳಿದು ಕಳೆ ಹುಟ್ಟುತ್ತದೆ, ನಾಲ್ಕು ಇಂಚು ಹಾಸಿದರೆ ಮಳೆಗಾಲದಲ್ಲಿ ಮಣ್ಣು ಆರುವುದೇ ಇಲ್ಲ. ಹತ್ತಡಿ ಉದ್ದ, ಮೂರಡಿ ಅಗಲದ ಪಾತಿಗೆ ಎರಡು ಇಂಚಿನಂತೆ 5 ಘನ ಅಡಿ ಬೇಕು. ತೂಕದಲ್ಲಿ 210 ಕಿಲೋ ಹತ್ತಿರ, ಸಿಮೆಂಟು ಚೀಲದ ಲೆಕ್ಕದಲ್ಲಿ ನಾಲ್ಕು ಚೀಲ. ಚೀಲ ಪೂರ್ತಿ ತುಂಬಿದರೆ ಒಬ್ಬರಿಂದ ಎತ್ತಲಾಗದು, ಅರ್ಧ ಅರ್ಧ ತುಂಬಿಸಿ. ಉರುಟು ಕಲ್ಲು ಬೇಕೆಂದು ಹೊಳೆಗೆ ಇಳಿಯಬೇಡಿ. ಕೇರಳದಲ್ಲಿ ಹೊಳೆಯ ಹೊಯಿಗೆ (ಮರಳು) ತೆಗೆಯುವುದಕ್ಕೆ 2001ರ ಕಾನೂನಿನ ಕಟ್ಟುಪಾಡಿದೆ, ಚಂದ್ರಗಿರಿ, ಶಿರಿಯ ಹೊಳೆಗಳ ದಡ ಈಗಾಗಲೇ ಸಾಕಷ್ಟು ಕುಸಿದಿದೆ.

ಕಲ್ಲಿಗೆ ಹೊಂದುವ ಗಿಡಗಳು ಅಡೇನಿಯಂ, ಯೂಫೋರ್ಬಿಯಾ, ಬೋಗನ್‌ವಿಲ್ಲಾ, ಹತ್ತು ಗಂಟೆ ಹೂವು. ದಾಸವಾಳ, ಕೇಪಳ, ನಂದಿಬಟ್ಟಲು ಗೊಬ್ಬರ ತಪ್ಪಿಸದಿದ್ದರೆ ಬರುತ್ತವೆ. ಅಬ್ಬಲಿಗೆ, ಮಲ್ಲಿಗೆ, ಗುಲಾಬಿಯ ಬೇರು ಮೇಲ್ಪದರದಲ್ಲೇ ಹರಡುತ್ತದೆ, ಕಾವಿಗೂ ಹಸಿವಿಗೂ ಬೇಗ ಸೋಲುತ್ತದೆ. ಅವಕ್ಕೆ ಸೊಪ್ಪು, ತರಗೆಲೆಯೇ ಇರಲಿ. ಆಂಥೂರಿಯಂಗೆ ತೆಂಗಿನ ಸಿಪ್ಪೆಯ ಚೂರು ಬಿಟ್ಟು ಬೇರೆ ಯೋಚನೆ ಬೇಡ. ತುಳಸಿಕಟ್ಟೆಯಲ್ಲಿ ಮಣ್ಣು ಕಡಿಮೆ, ನಾಲ್ಕೂ ಬದಿಯ ಗೋಡೆ ಬಿಸಿಲಿಗೆ ಕಾಯುತ್ತದೆ. ಚಂದಕ್ಕೆಂದು ಅದರ ಮೇಲೆ ಹಾಸಿದ ಬಿಳಿ ಕಲ್ಲನ್ನು ಇವತ್ತೇ ತೆಗೆದಿಡಿ.